ಜರ್ಮನಿಯದಲ್ಲದ ಜರ್ಮನ್ ಜಿರಳೆ

ಊರಿಂದ ಬಂದಿದ್ದ ಅಮ್ಮ ರಾತ್ರಿ ಅಡುಗೆಮನೆಯ ಲೈಟ್ ಹಾಕಿದವಳೇ ಕೂಗಿದ್ಲು, "ಏನೋ ಇದು, ಇಷ್ಟೊಂದು ಜಿರಳೆ ಮರಿ!"

ಮರಿಗಳಲ್ಲ, ಬೆಳೆದವೇ. ನಮ್ಮೂರ ಬಚ್ಚಲಲ್ಲಿ ಇದ್ದದ್ದು ಹೆಚ್ಚುಕಮ್ಮಿ ನಾಲ್ಕು ಸೆಂಟಿಮೀಟರಿನ ಕೆಂಗಂದು ಜಿರಳೆ. ಇದು ಒಂದೂವರೆ ಸೆಂಟಿಮೀಟರಿನದು, ತಿಳಿ ಕಂದು, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹೆಸರು ಜರ್ಮನ್ ಜಿರಳೆ.

"ಅಷ್ಟು ದೂರದಿಂದ ಇಲ್ಲಿಗೆ ಹೆಂಗ್ ಬಂತೋ?" ಅಂದ್ಲು.

ಬಂದದ್ದಲ್ಲ, ಇಲ್ಲಿಂದ ಹೋದದ್ದು. 1767ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಜರ್ಮನಿಯ ಹೆಸರು ಅಂಟಿಸಿದ. ರಷ್ಯನ್ನರು ಇದನ್ನು 'ಪ್ರುಸಾಕ್', ಅಂದರೆ ಪ್ರಷ್ಯಾದವನು ಅಂತಾರೆ. ಬೇಡದ ನೆಂಟನನ್ನು ಪಕ್ಕದ ಮನೆಯವರ ಲೆಕ್ಕಕ್ಕೆ ಬರೆಯೋದು ಎಲ್ಲ ಕಡೆಯೂ ಇದ್ದದ್ದೇ. ಆದರೆ 17 ದೇಶಗಳ 281 ಜಿರಳೆಗಳ ಡಿಎನ್‌ಎ ಹೋಲಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರಿನಲ್ಲಿ, ಬಯಲಲ್ಲಿ ಬದುಕುವ ಏಷ್ಯನ್ ಜಿರಳೆಯಿಂದ ಇದು ಕವಲೊಡೆಯಿತು. ಮನುಷ್ಯರ ಮನೆ ಸೇರಿದ್ದು ಮತ್ತೆ ಬಯಲಿಗೆ ಮರಳಲಿಲ್ಲ. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದತ್ತ, 390 ವರ್ಷಗಳ ಹಿಂದೆ ಡಚ್, ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಗಳ ಕಾಲದಲ್ಲಿ ಪೂರ್ವದತ್ತ ಹೊರಟಿತು. ಯುರೋಪು ತಲುಪಿದ್ದು ಆಮೇಲೆ, ಲಿನೇಯಸ್‌ನ ಕಾಲದಲ್ಲೇ.

ಇದರ ಜೊತೆಗಿನ ಯುದ್ಧದ ಚರಿತ್ರೆಯೂ ಹೀಗೇ, ನಾವು ಸೋತದ್ದೇ ಜಾಸ್ತಿ. 1950ರ ದಶಕದ ಆರಂಭದಲ್ಲೇ ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲೋರ್ಡೇನ್ ಎಂಬ ವಿಷಕ್ಕೆ ಬಗ್ಗದ ಜಿರಳೆಗಳು ಕಂಡವು. ಆಮೇಲೆ ಸಿಹಿಯಲ್ಲಿ ವಿಷ ಬೆರೆಸಿ ಇಟ್ಟರು. ಕೆಲವು ಜಿರಳೆಗಳು ಗ್ಲೂಕೋಸನ್ನೇ ಮುಟ್ಟುವುದಿಲ್ಲ ಅಂತ 1993ರಲ್ಲಿ ವರದಿಯಾಯಿತು. ಅವುಗಳ ನಾಲಗೆಗೆ ಗ್ಲೂಕೋಸ್ ಕಹಿ ಅನ್ನೋದು ಗೊತ್ತಾಗಿದ್ದು 2013ರಲ್ಲಿ. ಆ ಗುಣ ಮರಿಗಳಿಗೂ ಇಳಿಯುತ್ತೆ.

ನಾನೂ ತಿಂಗಳುಗಟ್ಟಲೆ ಸ್ಪ್ರೇ ಹೊಡೆದವನೇ. ಮಗಳಿಗೆ ರಾತ್ರಿ ಉಬ್ಬಸ ಬರೋಕೆ ಶುರುವಾದ ಮೇಲೆ ಓದಿ ತಿಳಿದೆ, ಜಿರಳೆಯ ಹಿಕ್ಕೆ, ಕಳಚಿದ ಪೊರೆ ಎಲ್ಲ ಉಬ್ಬಸ ಕೆರಳಿಸುತ್ತವೆ, ಸ್ಪ್ರೇ ವಾಸನೆಯೂ ಅಷ್ಟೇ. ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಚೀಲವನ್ನು ಮರಿ ಒಡೆಯುವ ತನಕ ಹೊತ್ತು ತಿರುಗುತ್ತೆ. ಒಂದು ಸಂದಿಯಲ್ಲಿ ಒಂದು ಹೆಣ್ಣು ಉಳಿದರೂ ಕಥೆ ಮತ್ತೆ ಮೊದಲಿನಿಂದ.

ಈಗ ಸ್ಪ್ರೇ ಬಿಟ್ಟಿದ್ದೇನೆ. ಹೊಡೆದ ಕಡೆ ಅವು ಜೆಲ್ ತಿನ್ನೋಲ್ಲ. ಕಪಾಟಿನ ಕೀಲು, ಫ್ರಿಜ್ಜಿನ ಹಿಂದೆ ಜೆಲ್ಲಿನ ಸಣ್ಣ ಚುಕ್ಕೆ ಇಡ್ತೀನಿ, ಒಂದೇ ಬ್ರಾಂಡಿಗೆ ಜೋತು ಬೀಳದೆ ಬದಲಾಯಿಸ್ತೀನಿ. ಅಂಟು ಹಾಳೆಯಲ್ಲಿ ಎಷ್ಟು ಬಿದ್ದವು ಅಂತ ವಾರಕ್ಕೊಮ್ಮೆ ಎಣಿಸ್ತೀನಿ. ಸೋರುತ್ತಿದ್ದ ಸಿಂಕಿನ ಪೈಪು ರಿಪೇರಿ ಮಾಡಿಸಿದೆ, ನೀರಿಲ್ಲದೆ ಅವು ಹೆಚ್ಚು ದಿನ ಬಾಳಲ್ಲ.

ಅಮ್ಮ ಇದನ್ನೆಲ್ಲ ಓದಿದವಳಲ್ಲ. ಊರಿಗೆ ಹೊರಡೋ ಮುಂಚೆ ಒಂದೇ ಮಾತು ಹೇಳಿದ್ಲು: "ರಾತ್ರಿ ಮುಸುರೆ ಉಳಿಸಿ ಮಲಗಬೇಡಿ ಕಣೋ."

ಎರಡು ಸಾವಿರ ವರ್ಷದ ಹಿಂದೆ ಆ ಜಿರಳೆಯನ್ನು ಮನೆಯೊಳಗೆ ಕರೆದದ್ದೂ ಬಹುಶಃ ಅದೇ ಮುಸುರೆ.