ಒಹಾಯೊ ಒಕ್ಕೂಟವೂ ಅದರ ಚರಿತ್ರಕಾರರೂ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಉತ್ತರ ಅಮೆರಿಕದ ಶಾನೀ, ಡೆಲವೇರ್, ಮಿಯಾಮಿ, ವಯಾಂಡಟ್ ಮೊದಲಾದ ಮೂಲನಿವಾಸಿ ಜನಾಂಗಗಳು ಬ್ರಿಟಿಷರಿಗೂ ಅಮೆರಿಕನ್ನರಿಗೂ ನಡುವೆ ಸಿಕ್ಕಿ, ಇಬ್ಬರಿಗೂ ಒಳಗಾಗದೆ ತಮ್ಮತಮ್ಮಲ್ಲಿಯೇ ಕಟ್ಟಿಕೊಂಡ ಒಕ್ಕೂಟವನ್ನು ಹಿಂದಿನವರು ಬ್ರಿಟಿಷರ ಕೈಗೊಂಬೆಯೆನ್ನುತ್ತಿದ್ದರು. ಈಗಿನವರಲ್ಲಿ ಹಲವರು ಅದೇ ಜನರನ್ನು ಸಾಮ್ರಾಜ್ಯಗಳನ್ನು ಆಡಿಸಿದ ಸೂತ್ರಧಾರರೆಂದು ಹೊಗಳುತ್ತಾರೆ. ಹೊಗಳಿಕೆಯಾದರೇನು, ತೆಗಳಿಕೆಯಾದರೇನು, ಎರಡಕ್ಕೂ ಅಳತೆಗೋಲು ಸಾಮ್ರಾಜ್ಯವೇ ಆಗಿದೆ.

ಈ ಅಧ್ಯಯನದ ಬಾಲ್ಯವನ್ನು ವಿಸ್ತರಿಸಬೇಕಾದುದಿಲ್ಲ. 1851ರಲ್ಲಿ ಫ್ರಾನ್ಸಿಸ್ ಪಾರ್ಕ್‌ಮನ್ನನು ಒಕ್ಕೂಟಕ್ಕೂ ಮುಂಚೆ, 1763ರಲ್ಲಿ, ಮೂಲನಿವಾಸಿಗಳು ಬ್ರಿಟಿಷರ ವಿರುದ್ಧ ಎದ್ದ ದಂಗೆಯನ್ನು ಒಡಾವಾ ನಾಯಕ ಪಾಂಟಿಯಾಕನ ಒಳಸಂಚೆಂದು ರಸವತ್ತಾಗಿ ಬಣ್ಣಿಸಿದನು. 1947ರಲ್ಲಿ ಹೊವರ್ಡ್ ಪೆಕ್‌ಹ್ಯಾಮನು ಆ ನಾಯಕನ ಪ್ರಭಾವವನ್ನು ಡೆಟ್ರಾಯಿಟಿನ ಸುತ್ತುಮುತ್ತಿಗೆ ಇಳಿಸಿದನು.

1946ರಲ್ಲಿ ಅಮೆರಿಕ ಸರ್ಕಾರವು ಮೂಲನಿವಾಸಿಗಳ ಭೂಪರಿಹಾರದ ಮೊಕದ್ದಮೆಗಳಿಗಾಗಿ ಒಂದು ಆಯೋಗವನ್ನು ನೇಮಿಸಿದಾಗ, ಸಾಕ್ಷ್ಯಕ್ಕೆಂದು ವಿದ್ವಾಂಸರು ಹಳೆಯ ಕಾಗದಪತ್ರಗಳನ್ನು ಜಾಲಾಡತೊಡಗಿದರು. ‘ಎಥ್ನೊಹಿಸ್ಟರಿ’ ಪತ್ರಿಕೆ 1954ರಲ್ಲಿ ಹುಟ್ಟಿದ್ದು ಈ ಸಂದರ್ಭದಲ್ಲಿಯೇ. ಇಂಥ ನೆಲವನ್ನು ಇಂಥ ಬುಡಕಟ್ಟು ತಾನೊಂದೇ ಅನುಭವಿಸುತ್ತಿತ್ತೆಂದು ಸಾಬೀತುಪಡಿಸಿರೆಂಬುದು ಆಯೋಗದ ಅಪೇಕ್ಷೆ. ಆದರೆ 1786ರಲ್ಲಿ ಬ್ರೌನ್ಸ್‌ಟೌನಿನಲ್ಲಿ ಸೇರಿದ ಒಕ್ಕೂಟವು ಅಮೆರಿಕದ ಕಾಂಗ್ರೆಸ್ಸಿಗೆ ಬರೆದದ್ದು ಇದಕ್ಕೆ ತೀರ ವಿರುದ್ಧ: ನೆಲ ಬಿಟ್ಟುಕೊಡುವ ಒಪ್ಪಂದ ಎಲ್ಲರ ಒಮ್ಮತದಿಂದಲೇ ಆಗತಕ್ಕದ್ದು, ಬಿಡಿಬಿಡಿಯಾಗಿ ಮಾಡಿಸಿಕೊಂಡದ್ದು ಅಸಿಂಧು. ಯಾವ ವಿಭಜನೆಗೆ ಅವರು ಒಲ್ಲೆವೆಂದಿದ್ದರೋ ಅದರ ಮೇಲೆಯೇ ಅವರನ್ನು ಕುರಿತ ಈ ಶಾಸ್ತ್ರದ ತಳಹದಿ ಬಿದ್ದಿತು.

ಬುಡಕಟ್ಟುಗಳನ್ನು ಬಿಡಿಬಿಡಿಯಾಗಿ ನೋಡುವ ಈ ರೂಢಿಯಿಂದ ನಮ್ಮ ತಲೆಮಾರನ್ನು ಬಿಡಿಸಿದವರು ಹೆಲೆನ್ ಹಾರ್ನ್‌ಬೆಕ್ ಟ್ಯಾನರ್. ಸ್ವತಃ ಆ ಆಯೋಗದ ಮುಂದೆ ಸಾಕ್ಷಿ ನುಡಿದಿದ್ದ ಈಕೆ 1978ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಆಗ್ಲೇಜ್ ಮತ್ತು ಮೌಮೀ ನದಿಗಳು ಕೂಡುವೆಡೆಯಲ್ಲಿ 1792ರ ಹೊತ್ತಿಗೆ ಶಾನೀ, ಡೆಲವೇರ್, ಮಿಯಾಮಿ ಊರುಗಳು ಒತ್ತೊತ್ತಾಗಿ, ದಕ್ಷಿಣದಿಂದ ಬಂದ ಚೆರೊಕೀಯರನ್ನೂ ಒಳಗೊಂಡು ಬಾಳಿದ ಬಗೆಯನ್ನು ಮನೆಮನೆಯಾಗಿ ತೋರಿಸಿದರು. ರಿಚರ್ಡ್ ವೈಟನ ‘ದ ಮಿಡಲ್ ಗ್ರೌಂಡ್’ (1991) ಪಡೆದ ಕೀರ್ತಿ ನ್ಯಾಯವಾದುದೇ. ಆದರೂ ಸಾಮ್ರಾಜ್ಯವೊಂದು ಎದುರಿಗಿಲ್ಲದೆ ಅದರ ಕಥೆ ನಡೆಯದು. ಮರುವರ್ಷ ಬಂದ ಗ್ರೆಗರಿ ಡೌಡನ ‘ಎ ಸ್ಪಿರಿಟೆಡ್ ರೆಸಿಸ್ಟೆನ್ಸ್’, ನಿಯೋಲಿನನಿಂದ ಟೆನ್‌ಸ್ಕ್ವಾಟಾವನವರೆಗಿನ ಪ್ರವಾದಿಗಳನ್ನು ಅನುಸರಿಸಿ, ಉತ್ತರದವರಿಗೂ ದಕ್ಷಿಣದವರಿಗೂ ಇದ್ದ ನಂಟನ್ನು ಒಳಗಿನಿಂದ ಕಂಡಿತು. ಹೆಚ್ಚು ಓದಿಸಿಕೊಳ್ಳಬೇಕಾದುದು ಇದೇ.

ಆ ನಂಟು ಎಂಥ ವಿವೇಕವನ್ನು ಹಡೆದಿತ್ತೆಂಬುದಕ್ಕೆ 1793ರ ಆಗಸ್ಟಿನ ಉತ್ತರವೊಂದೇ ಸಾಕು. ಒಹಾಯೊ ನದಿಯಾಚೆಯ ನೆಲಕ್ಕೆ ದೊಡ್ಡ ಮೊತ್ತ ಕೊಡುತ್ತೇವೆಂದ ಅಮೆರಿಕದ ಪ್ರತಿನಿಧಿಗಳಿಗೆ, ಹಣದಿಂದ ನಮಗಾಗಬೇಕಾದುದೇನೂ ಇಲ್ಲ; ನಮ್ಮಲ್ಲಿ ಬಂದು ನೆಲಸಿರುವ ನಿಮ್ಮವರು ಬಡವರು, ಅದನ್ನೂ ದಂಡು ಕಟ್ಟಲು ಸುರಿಯುವ ದುಡ್ಡನ್ನೂ ಅವರಿಗೇ ಹಂಚಿ ಹಿಂದಕ್ಕೆ ಕರೆದುಕೊಳ್ಳಿರೆಂದು ಒಕ್ಕೂಟದ ಸಭೆ ಹೇಳಿಕಳುಹಿಸಿತು. ವೈರಿಯ ಬಡತನವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದವರನ್ನು ಬ್ರಿಟಿಷರ ಬಾಲಬಡುಕರೆನ್ನುವುದು ಹೇಗೆ? ಮರುವರ್ಷ ಫಾಲನ್ ಟಿಂಬರ್ಸ್ ಕದನದಲ್ಲಿ ಅಮೆರಿಕನ್ನರಿಗೆ ಸೋತು ಹಿಂದೆಗೆದ ಒಕ್ಕೂಟದ ಯೋಧರಿಗೆ ಮಿಯಾಮೀಸ್ ಕೋಟೆಯ ಬ್ರಿಟಿಷರು ಬಾಗಿಲನ್ನೇ ತೆರೆಯಲಿಲ್ಲ.

ಆದರೆ ಆ ಸಭೆಗಳನ್ನು ಪೋಷಿಸಿದ ಮೆಕ್ಕೆಜೋಳದ ಹೊಲಗಳು, 1794ರಲ್ಲಿ ಅಮೆರಿಕದ ಸೇನಾನಿ ವೇಯ್ನನೇ ಬೆರಗಾಗಿ ನೋಡಿ ಕಡಿಸಿಹಾಕಿದಂಥವು, ಹೆಂಗಸರ ದುಡಿಮೆಯ ಫಲವಾಗಿದ್ದುವು; ಆ ಹೆಂಗಸರಿಗೆ ಗ್ರಂಥದಲ್ಲಿ ತಕ್ಕ ಸ್ಥಾನ ದೊರೆಯಲು ಸೂಸನ್ ಸ್ಲೀಪರ್-ಸ್ಮಿತ್ತರ 2018ರ ಕೃತಿಯವರೆಗೆ ಕಾಯಬೇಕಾಯಿತು. ಮಸ್ಕಿಂಗಮ್ ನದಿಯನ್ನು ಗಡಿಯೆಂದೊಪ್ಪಿ ರಾಜಿಯಾಗೋಣವೆಂದ ಮೊಹಾಕ್ ನಾಯಕ ಜೋಸೆಫ್ ಬ್ರಾಂಟನಿಗೂ ಒಹಾಯೊ ನದಿಯ ಗಡಿಯನ್ನು ಬಿಡೆವೆಂದ ಶಾನೀಯರಿಗೂ ಒದಗಿದ ಭಿನ್ನಾಭಿಪ್ರಾಯವನ್ನು ಒಕ್ಕೂಟದ ದೌರ್ಬಲ್ಯವೆಂದು ಬರೆದವರು ಬಹುಮಂದಿ. ನುಡಿಕುಲಗಳೇ ಬೇರೆಯಾಗಿದ್ದ ಜನ ಒಂದೆಡೆ ಕುಳಿತು ನಡೆಸಿದ ಚರ್ಚೆಯೆಂದು ಅದನ್ನು ಓದಿದವರು ವಿರಳ. ಬ್ರಿಟಿಷ್ ಅಧಿಕಾರಿ ಸಿಮ್‌ಕೋನ ಪತ್ರವ್ಯವಹಾರ ಐದು ಸಂಪುಟಗಳಲ್ಲಿ ಅಚ್ಚಾಗಿದೆ. ಆ ಚರ್ಚೆಯಲ್ಲಿ ನುಡಿದವರ ಮಾತನ್ನು ಅಂಥ ಸಂಪುಟಗಳೊಳಗಿಂದಲೇ, ದುಭಾಷಿಗಳ ಇಂಗ್ಲಿಷಿನಲ್ಲಿ, ಹೆಕ್ಕಿ ತೆಗೆಯಬೇಕಾಗಿದೆ.