ಏನ್ರೀ ಪ್ರೋಗ್ರಾಂ?

ಬೀದರಿನಲ್ಲಿ ಯಾರನ್ನಾದರೂ ಮನೆಗೆ ಕರೆಯುವ ಮುಂಚೆ ‘ಐತವಾರ ಏನ್ರೀ ಪ್ರೋಗ್ರಾಂ?’ ಎಂದು ಕೇಳುವುದು ವಾಡಿಕೆ. ಇಂಗ್ಲಿಷ್ ಕಲಿಸುವ ಮಾಸ್ತರರು ಇದನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನವರಿಗೆ ಪ್ರೋಗ್ರಾಂ ಎಂದರೆ ಟಿವಿಯಲ್ಲಿ ಬರುವುದು, ಇಲ್ಲವೇ ನಾಟಕ ನೋಡಲು ಹೋದವರು ಕೊಳ್ಳುವ ಪುಸ್ತಿಕೆ. ನಮ್ಮ ಭಾನುವಾರಕ್ಕೆ ‘ಪ್ಲಾನ್’ ಅನ್ನಬೇಕು ಎಂದು ತಿದ್ದುತ್ತಾರೆ. ಇಂಗ್ಲಿಷಿನ ಮಟ್ಟಿಗೆ ಅವರ ಮಾತು ಸರಿ.

ಆದರೆ ಪ್ಲಾನ್ ನಮ್ಮ ಬಾಯಲ್ಲಿ ಬೇರೆ ಕೆಲಸಕ್ಕೆ ಸೇರಿಬಿಟ್ಟಿದೆ. ಒಂದು, ಮನೆ ಕಟ್ಟುವಾಗ ನಗರಸಭೆಗೆ ಕೊಡುವ ನಕ್ಷೆ. ಇನ್ನೊಂದು ಒಳಸಂಚು: ‘ಅಂವ ಪ್ಲಾನ್ ಮಾಡೇ ಬಂದಾನ’ ಅಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಹತ್ತಿರ ಸರಿಯುತ್ತಾರೆ. ‘ಪಾರ್ಟಿ’ ಅಂದರೆ ಕಾಂಗ್ರೆಸ್ಸೋ ಬಿಜೆಪಿಯೋ ಬಾಟಲಿಯೋ ತಿಳಿಯದು. ‘ಡೇಟ್’ ಅಂದರೆ ಕೋರ್ಟಿಗೆ ಅಲೆಯುವವರಿಗೆ ಮುಂದಿನ ತಾರೀಖಿನ ಚಿಂತೆ. ಹೀಗಾಗಿ ಯಾರಿಗೂ ಮುಜುಗರವಾಗದ್ದು ಪ್ರೋಗ್ರಾಂ ಒಂದೇ.

ಭಾಲ್ಕಿಯಲ್ಲಿ ಕುಬಸ, ತೊಟ್ಟಿಲು, ಜವಳ, ಮಠದ ಪ್ರವಚನ, ಎಲ್ಲಕ್ಕೂ ‘ಪ್ರೋಗ್ರಾಂ ಅದರಿ, ಬರ್ರಿ’. ಔರಾದ ಕಡೆಯ ಮರಾಠಿ ಬೀಗರಿಗೂ ಬೀದರಿನ ಉರ್ದು ಗೆಳೆಯರಿಗೂ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಜಿಲ್ಲೆಗೆ ‘ದಾವತ್’ ಏನು ಹೊಸದೇ? ಆದರೆ ದಾವತ್ ಅಂದ ಕೂಡಲೇ ತಾಟಿನಲ್ಲಿ ಏನಿರಬೇಕೆಂದು ತೀರ್ಮಾನವಾಗಿಬಿಡುತ್ತದೆ. ಪ್ರೋಗ್ರಾಂನಲ್ಲಿ ಹುಗ್ಗಿಗೂ ಜಾಗವುಂಟು, ಕಂದೂರಿಯ ಮಟನ್ನಿಗೂ ಉಂಟು.

ಹೈದರಾಬಾದಿನ ಕಂಪನಿ ಸೇರಿದ ಹುಡುಗರಿಗೆ ನಾನು ಹೇಳುವುದಿಷ್ಟು: ಇಂಗ್ಲಿಷಿನಲ್ಲಿ ಕರೆಯುವಾಗ ತೂಕದ ಪದ ಹುಡುಕಬೇಡಿ. ‘ವಾಟ್ ಆರ್ ಯೂ ಡೂಯಿಂಗ್ ಆನ್ ಸಂಡೇ?’ ಸಾಕು. ‘ಆರ್ ಯೂ ಫ್ರೀ?’ ಅಂತೂ ಬೇಡವೇ ಬೇಡ. ಕರೆಯುತ್ತಿರುವುದು ಊಟಕ್ಕೋ ಮನೆ ಸಾಮಾನು ಹೊರಲಿಕ್ಕೋ ತಿಳಿಯುವ ತನಕ ನಮ್ಮವರಾರೂ ಫ್ರೀ ಇರುವುದಿಲ್ಲ.

ಪ್ರೋಗ್ರಾಂ ಏನೆಂದು ಯಾರೂ ಕೇಳದ ದಿನ ಎಳ್ಳ ಅಮಾಸಿ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರೇ ಹೊಲಕ್ಕೆ ಹೊರಡುತ್ತದೆ. ಗಡಿಯಾಚೆ ಲಾತೂರ ಕಡೆಯೂ ವೇಳಾ ಅಮಾವಾಸ್ಯೆಯೆಂದು ಇದೇ ಸಡಗರ. ಹೊಲವಿಲ್ಲದ ನೌಕರರಿಗೆ ಅಂದು ನಾಲ್ಕು ಕಡೆಯಿಂದ ‘ನಮ್ಮ ಹೊಲಕ್ಕ ಬರ್ರಿ’. ಒಂದು ಕಡೆ ‘ಫಿಕ್ಸ್’ ಅಂದರೆ ಉಳಿದ ಮೂರಕ್ಕೆ ‘ಕ್ಯಾನ್ಸಲ್’ ಅನ್ನಬೇಕು. ಹಾಗೆ ಅಂದವರನ್ನು ನಾನಂತೂ ನೋಡಿಲ್ಲ. ನಾಲ್ವರಿಗೂ ‘ನೋಡ್ತೀನ್ರೀ’ ಅಂದು, ದಾರಿಯಲ್ಲಿ ಮೊದಲು ಸಿಕ್ಕ ಹೊಲದಲ್ಲಿ ಕೂತುಬಿಡುತ್ತಾರೆ.