ಮುಲ್ಕಿ, ಗೈರ್‌ಮುಲ್ಕಿ, ಸ್ಥಳೀಯ: ಕೃಷ್ಣೆಯ ಎರಡು ದಡದ ಓದಿದ ಯುವಜನ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲಗಳನ್ನು ಇಂದು ಗಡಿನಾಡು ಎಂದು ಕರೆಯುವುದು ರೂಢಿಯಾಗಿದ್ದರೂ, 1956ರ ಅಕ್ಟೋಬರ್ ಕೊನೆಯವರೆಗೆ ಈ ಊರುಗಳು ಯಾವ ಗಡಿಯ ಮೇಲೂ ಇರಲಿಲ್ಲ. ಅವು ಹೈದರಾಬಾದ್ ಸಂಸ್ಥಾನದ ಒಳನಾಡಿನ ಊರುಗಳಾಗಿದ್ದವು. ಕೃಷ್ಣಾ ನದಿಯ ಉತ್ತರಕ್ಕಿರುವ ನಾರಾಯಣಪೇಟೆ, ಮಕ್ತಲ್‌ಗಳು ಪಾಲಮೂರು ಎಂಬ ಹಳೆಯ ಹೆಸರಿನ ಮಹಬೂಬನಗರ ಜಿಲ್ಲೆಗೆ ಸೇರಿದ್ದರೆ, ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಗದ್ವಾಲವೂ ಅದರ ಪೂರ್ವದ ಆಲಂಪುರವೂ ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದವು. ಹದಿನಾರು ಜಿಲ್ಲೆಗಳ ಆ ಸಂಸ್ಥಾನದಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು ಎಂದು ಲೆಕ್ಕ ಹಾಕುವುದು ವಾಡಿಕೆ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಆಡುತ್ತಿದ್ದ ಮಕ್ತಲ್ ಸೀಮೆಯಂಥ ಕಡೆ ಈ ಲೆಕ್ಕ ಎಂದೂ ಸರಿಯಾಗಿ ಕೂಡಿಬಂದಿರಲಿಲ್ಲ. ಈ ಸೀಮೆಯ ಓದಿದ ಯುವಜನರ ಅಸಮಾಧಾನದ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಅದರ ನಡುವೆ ಭಾಷೆಗಿಂತ ಮೊದಲು ಎದುರಾಗುವುದು ಒಂದು ಕಾಗದ, ಎಂದರೆ ಇವನು ಇಲ್ಲಿಯವನು ಎಂದು ಸರಕಾರ ಬರೆದುಕೊಡುವ ದೃಢೀಕರಣ ಪತ್ರ.

ಆ ಕಾಗದದ ಹಳೆಯ ಹೆಸರು ಮುಲ್ಕಿ. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವನು, ಗೈರ್‌ಮುಲ್ಕಿ ಎಂದರೆ ಹೊರಗಿನವನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿವಾನ ಮೊದಲನೆಯ ಸಾಲಾರ್ ಜಂಗ್ ಆಡಳಿತವನ್ನು ಹೊಸದಾಗಿ ಕಟ್ಟಲು ಉತ್ತರ ಹಿಂದೂಸ್ತಾನದಿಂದ ಅಧಿಕಾರಿಗಳನ್ನು ಕರೆತಂದಾಗ, ಸ್ಥಳೀಯ ಮನೆತನಗಳಲ್ಲಿ ಹುಟ್ಟಿದ ಅಸಮಾಧಾನವೇ ಈ ವಿಭಜನೆಗೆ ದಾರಿಮಾಡಿತು. 1919ರ ಹೊತ್ತಿಗೆ ನಿಜಾಮರ ಫರ್ಮಾನು, ಅಂದರೆ ರಾಜಾಜ್ಞೆ, ಸರಕಾರಿ ನೌಕರಿಯನ್ನು ಸಂಸ್ಥಾನದಲ್ಲಿ ಹುಟ್ಟಿದವರಿಗೆ ಅಥವಾ ಹದಿನೈದು ವರ್ಷ ನೆಲಸಿದವರಿಗೆ ಮೀಸಲಿಟ್ಟ ನಿಯಮಕ್ಕೆ ನಿಶ್ಚಿತ ರೂಪ ಕೊಟ್ಟಿತು. ಗಮನಿಸಬೇಕಾದದ್ದೇನೆಂದರೆ, ಈ ನಿಯಮ ಭಾಷೆಯನ್ನು ಕೇಳುತ್ತಿರಲಿಲ್ಲ. ರಾಯಚೂರಿನಲ್ಲಿ ನೌಕರಿ ಬೇಡುವ ಮಕ್ತಲ್‌ನ ತೆಲುಗು ಯುವಕ ಮುಲ್ಕಿಯಾಗಿದ್ದ. ಅದೇ ರಾಯಚೂರಿಗೆ ಕನ್ನಡ ಕಲಿಸಲು ಬರುವ ಧಾರವಾಡದ ಮೇಷ್ಟರು ಗೈರ್‌ಮುಲ್ಕಿಯಾಗಿದ್ದರು.

ಓದುಬರಹ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರದಿದ್ದ ನಾಡಿನಲ್ಲಿ ಇಂಥ ನಿಯಮ ಬಹುಜನರನ್ನು ಮುಟ್ಟುವಂಥದ್ದಾಗಿರಲಿಲ್ಲ. ಅದು ಮುಟ್ಟಿದ್ದು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಿಂದ ಪದವಿ ಹಿಡಿದು ಹೊರಬರುತ್ತಿದ್ದ ಸಣ್ಣ ವರ್ಗವನ್ನು. ಉರ್ದು ಮಾಧ್ಯಮದ ಈ ವಿಶ್ವವಿದ್ಯಾನಿಲಯದಲ್ಲಿ ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳು ಒಂದೇ ವಸತಿನಿಲಯಗಳಲ್ಲಿ ಉಳಿದು, ಒಂದೇ ಅಸಮಾಧಾನವನ್ನು ಹಂಚಿಕೊಂಡರು. 1930ರ ದಶಕದ ನಡುವಿನಲ್ಲಿ ಹುಟ್ಟಿದ ಮುಲ್ಕಿ ಲೀಗ್ ಹೈದರಾಬಾದ್ ಹೈದರಾಬಾದಿಗರದು ಎಂಬ ಮಾತನ್ನು ಮುಂದಿಟ್ಟಿತು. 1938ರಲ್ಲಿ ವಸತಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಅನೇಕರು ನಾಗಪುರ ವಿಶ್ವವಿದ್ಯಾನಿಲಯ ಸೇರಿ ಓದು ಮುಂದುವರಿಸಿದರು. ಮುಂದೆ ಪ್ರಧಾನಮಂತ್ರಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಒಂದೇ ಪೀಳಿಗೆ ಒಂದು ಕೈಯಲ್ಲಿ ಮುಲ್ಕಿ ಹಕ್ಕನ್ನೂ ಇನ್ನೊಂದು ಕೈಯಲ್ಲಿ ರಾಷ್ಟ್ರಗೀತವನ್ನೂ ಹಿಡಿದಿತ್ತೆಂಬುದು, ಪ್ರಾದೇಶಿಕ ಅಸಮಾಧಾನವೆಂದರೆ ರಾಷ್ಟ್ರದಿಂದ ದೂರ ಸರಿಯುವುದು ಎಂದು ನಂಬಿದವರು ಮತ್ತೆ ಓದಬೇಕಾದ ಸಂಗತಿ. ಜತೆಜತೆಗೇ ಭಾಷಾವಾರು ಸಂಘಟನೆಗಳೂ ಬೆಳೆದವು: 1930ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆ, 1937ರಲ್ಲಿ ಬೀದರದಲ್ಲಿ ನಿಜಾಂ ಕರ್ನಾಟಕ ಪರಿಷತ್ತು. ಮಕ್ತಲ್, ನಾರಾಯಣಪೇಟೆಗಳ ಕನ್ನಡಿಗರು ಇವೆರಡರ ನಡುವಿನ ಸಂದಿನಲ್ಲಿದ್ದರು.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂದಿತು. ಇಂಗ್ಲಿಷ್ ಬಲ್ಲ ನೌಕರರು ಮದರಾಸು ಪ್ರಾಂತ್ಯದ ಕಡೆಯಿಂದ ಬಂದರು. ಮಹಬೂಬನಗರ ಜಿಲ್ಲೆಯವರೇ ಆದ ಬೂರ್ಗುಲ ರಾಮಕೃಷ್ಣರಾವ್ 1952ರ ಮಾರ್ಚಿನಲ್ಲಿ ಚುನಾಯಿತ ಸರಕಾರದ ಮುಖ್ಯಮಂತ್ರಿಯಾದ ಕೆಲವೇ ತಿಂಗಳಲ್ಲಿ, ಸುಳ್ಳು ಮುಲ್ಕಿ ಪತ್ರ ತೋರಿಸಿ ಹೊರಗಿನವರು ಶಿಕ್ಷಕರಾಗಿ ಸೇರುತ್ತಿದ್ದಾರೆಂಬ ಆರೋಪದ ಮೇಲೆ ವರಂಗಲ್ಲಿನಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಮದರಾಸಿನ ಕಡೆಯಿಂದ ಬಂದವರನ್ನು ಇಡ್ಲಿ ಸಾಂಬಾರ್ ಎಂದು ಅಣಕಿಸಿ ಊರು ಬಿಡಲು ಹೇಳುವ ಘೋಷಣೆ ಕೇಳಿಬಂದದ್ದು ಆಗಲೇ. ಸೆಪ್ಟೆಂಬರಿನ ಮೊದಲ ವಾರ ಹೈದರಾಬಾದಿನ ಸಿಟಿ ಕಾಲೇಜಿನ ಬಳಿ ಗೋಲಿಬಾರು ನಡೆದು ಸಾವುಗಳಾದವು. ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿ ವಿಚಾರಣೆ ನಡೆಸಿದರು.

ಅದೇ ವರ್ಷದ ಡಿಸೆಂಬರಿನಲ್ಲಿ, ಮದರಾಸಿನಿಂದ ಬೇರೆಯಾದ ಆಂಧ್ರ ರಾಜ್ಯ ಬೇಡಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು ತೀರಿಕೊಂಡರು, 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ಬಂದಿತು, ಡಿಸೆಂಬರಿನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ವರದಿಯಲ್ಲಿ ಆಯೋಗ ತೆಲಂಗಾಣವನ್ನು ಸದ್ಯಕ್ಕೆ ಪ್ರತ್ಯೇಕ ಹೈದರಾಬಾದ್ ರಾಜ್ಯವಾಗಿಯೇ ಉಳಿಸಿ, ಬೀದರನ್ನೂ ಅದಕ್ಕೆ ಸೇರಿಸಿ, 1961ರ ಸುಮಾರಿನ ಚುನಾವಣೆಯ ನಂತರ ಶಾಸನಸಭೆಯ ಮೂರನೆಯ ಎರಡರಷ್ಟು ಬಹುಮತ ಬಂದರೆ ಮಾತ್ರ ಆಂಧ್ರದೊಡನೆ ವಿಲೀನವಾಗಲಿ ಎಂದು ಸೂಚಿಸಿತ್ತು. ಕಾದು ನೋಡುವ ಈ ಸಲಹೆಯನ್ನು ಕೇಂದ್ರ ಒಪ್ಪಲಿಲ್ಲ. 1956ರ ಪುನರ್ವಿಂಗಡಣಾ ಕಾಯಿದೆಯ ಪ್ರಕಾರ ರಾಯಚೂರಿನಿಂದ ಗದ್ವಾಲ, ಆಲಂಪುರ ತಾಲೂಕುಗಳೂ ಗುಲಬರ್ಗಾದಿಂದ ಕೊಡಂಗಲ್, ತಾಂಡೂರು ತಾಲೂಕುಗಳೂ ಬೀದರಿನಿಂದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್ ಮತ್ತು ನಾರಾಯಣಪೇಟೆಗಳು ತಮ್ಮ ಜಿಲ್ಲೆಯೊಡನೆ ಅಲ್ಲಿಯೇ ಉಳಿದವು. ನವೆಂಬರ್ 1ರ ಬೆಳಗ್ಗೆ ರಾಯಚೂರಿನ ಕಚೇರಿಗಳ ಮಟ್ಟಿಗೆ ಧಾರವಾಡದವನು ಒಳಗಿನವನಾದ, ಮಕ್ತಲ್‌ನವನು ಹೊರಗಿನವನಾದ. ಗದ್ವಾಲದ ಕಡೆ ತೆಲುಗು ದಟ್ಟವಾಗಿದ್ದುದರಿಂದ ಆ ವರ್ಗಾವಣೆಯನ್ನು ಅನ್ಯಾಯವೆಂದು ಕರೆಯುವುದು ಕಷ್ಟ. ಆದರೆ ಭಾಷೆಯ ಮೇಲೆ ಗೆರೆ ಎಳೆದವರು ಕೃಷ್ಣಾ ದಡದ ಕನ್ನಡ ಹಳ್ಳಿಗಳ ಬಳಿ ಬಂದಾಗ ಜಿಲ್ಲೆಯ ಗೆರೆಯನ್ನೇ ಸಾಕೆಂದುಕೊಂಡರು.

ವಿಲೀನಕ್ಕೆ ಮುನ್ನ, 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಎರಡೂ ಕಡೆಯ ಮುಖಂಡರು ಸಹಿ ಹಾಕಿದ ಸಭ್ಯರ ಒಪ್ಪಂದ, ತೆಲಂಗಾಣದ ಹೆಚ್ಚುವರಿ ವರಮಾನ ಅಲ್ಲಿಯೇ ಖರ್ಚಾಗಬೇಕು, ಕೆಳಹಂತದ ನೌಕರಿಗೆ ವಾಸದ ಅವಧಿ ಬೇಕು ಎಂಬ ಭರವಸೆಗಳನ್ನು ಕೊಟ್ಟಿತ್ತು. ಮುರಿದುಬಿದ್ದ ಈ ಭರವಸೆಗಳೇ 1969ರ ಚಳವಳಿಗೆ ಕಾರಣ. ಆ ಜನವರಿಯಲ್ಲಿ ಖಮ್ಮಂ ಜಿಲ್ಲೆಯಲ್ಲಿ ವಿದ್ಯಾರ್ಥಿಯೊಬ್ಬನ ಉಪವಾಸದಿಂದ ಆರಂಭವಾಗಿ ಉಸ್ಮಾನಿಯಾದ ಆವರಣಕ್ಕೆ ಹಬ್ಬಿದ ಹೋರಾಟದಲ್ಲಿ, ಚಳವಳಿಗಾರರ ಲೆಕ್ಕದ ಪ್ರಕಾರ, 369 ಮಂದಿ ಪ್ರಾಣ ಕಳೆದುಕೊಂಡರು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೆಲಂಗಾಣದ ವಾಸ ನಿಯಮವನ್ನು ತಳ್ಳಿಹಾಕಿತು. 1972ರಲ್ಲಿ ಅದೇ ನ್ಯಾಯಾಲಯ ಹಳೆಯ ಮುಲ್ಕಿ ನಿಯಮ ಊರ್ಜಿತವೆಂದಾಗ ಈ ಬಾರಿ ಕರಾವಳಿ ಆಂಧ್ರದ ಯುವಜನ ಜೈ ಆಂಧ್ರ ಎಂದು ಬೀದಿಗಿಳಿದರು. ಅಮೆರಿಕದ ಪತ್ರಕರ್ತ ಸೆಲಿಗ್ ಹ್ಯಾರಿಸನ್ 1960ರ ತಮ್ಮ ಪುಸ್ತಕದಲ್ಲಿ ಭಾಷಾ ಪ್ರಾಂತ್ಯಗಳ ಸೆಳೆತಕ್ಕೆ ಭಾರತ ಒಡೆಯಬಹುದೆಂಬ ಭಯವನ್ನು ಅದಾಗಲೇ ಹರಡಿದ್ದರು. 1961ರಲ್ಲಿ ರಾಷ್ಟ್ರೀಯ ಭಾವೈಕ್ಯ ಮಂಡಳಿ ಹುಟ್ಟಿದ್ದೂ ಅಂಥದೇ ಆತಂಕದ ನಡುವೆ. ಆದರೆ ಒಂದೇ ಭಾಷೆಯ ಎರಡು ಪ್ರಾಂತ್ಯಗಳು ನೌಕರಿಗಾಗಿ ಹೊಡೆದಾಡಿದ ಇಲ್ಲಿನ ನಿದರ್ಶನ ಆ ಭಯದ ಆಧಾರವನ್ನೇ ಅಲುಗಿಸುತ್ತದೆ. ಮಣ್ಣಿನ ಮಕ್ಕಳು ಎಂಬ ಮಾತಿನ ಸುತ್ತ ಸಂಶೋಧನೆ ಮಾಡಿದ ಮೈರನ್ ವೀನರ್ ಹೈದರಾಬಾದನ್ನು ತಮ್ಮ ಅಧ್ಯಯನಕ್ಕೆ ಆಯ್ದುಕೊಂಡದ್ದು ಈ ಕಾರಣಕ್ಕೇ ಇರಬಹುದು: ಜಗಳದ ಬೇರು ಹೊಸದಾಗಿ ಓದಿದ ಮಧ್ಯಮವರ್ಗದ ಉದ್ಯೋಗ ಪೈಪೋಟಿಯಲ್ಲಿತ್ತು.

ಪರಿಹಾರ ಬಂದದ್ದು ಸಂವಿಧಾನದ ಮೂಲಕ. 1973ರ ಆರು ಅಂಶಗಳ ಸೂತ್ರ, ಅದನ್ನು ಜಾರಿಗೆ ತಂದ ಮೂವತ್ತೆರಡನೆಯ ತಿದ್ದುಪಡಿ, 1974ರ ಜುಲೈಯಲ್ಲಿ ನೆಲೆಗೊಂಡ 371ಡಿ ವಿಧಿ ಹಾಗೂ ಅದರಡಿ ಹೊರಟ ರಾಷ್ಟ್ರಪತಿಗಳ ಆದೇಶಗಳು ಮುಲ್ಕಿ ಎಂಬ ಪದವನ್ನು ಕೈಬಿಟ್ಟು ಸ್ಥಳೀಯ ಅಭ್ಯರ್ಥಿ ಎಂಬ ಹೊಸ ವರ್ಗವನ್ನು ಸೃಷ್ಟಿಸಿದವು. ಊರಿನ ಬಾಯಲ್ಲಿ ಇದು ಲೋಕಲ್, ನಾನ್‌ಲೋಕಲ್. ಅರ್ಹತಾ ಪರೀಕ್ಷೆಯ ವರ್ಷ ಸೇರಿದಂತೆ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವನೇ ಮುಖ್ಯವಾಗಿ ಸ್ಥಳೀಯನಾಗಿದ್ದ. ಹುಟ್ಟು ಮತ್ತು ಮನೆತನಗಳ ಸ್ಥಾನಕ್ಕೆ ಶಾಲೆಯ ಹಾಜರಿ ಪುಸ್ತಕ ಬಂದಿತು. ಆಡಳಿತದ ದೃಷ್ಟಿಯಿಂದ ಇದು ಜಾಣ ಅಳತೆ. ಶಾಲೆಗೂ ಮನೆಗೂ ನಡುವೆ ರಾಜ್ಯದ ಗಡಿ ಹಾದುಹೋಗುವಲ್ಲಿ ಮಾತ್ರ ಅದು ಎಡವುತ್ತಿತ್ತು.

ಗಡಿಯ ಈಚೆ ಬದಿಯ, ಕರ್ನಾಟಕದ ಕಥೆ ಬೇರೆ. 1957ರ ಕೇಂದ್ರ ಕಾಯಿದೆ ವಾಸ ನಿಯಮಗಳನ್ನು ದೇಶದಾದ್ಯಂತ ರದ್ದುಗೊಳಿಸಿ ತೆಲಂಗಾಣ ಮತ್ತು ಕೆಲವೇ ಪ್ರದೇಶಗಳಿಗೆ ವಿನಾಯಿತಿ ಕೊಟ್ಟಾಗ, ಮೈಸೂರು ರಾಜ್ಯಕ್ಕೆ ಸೇರಿದ ರಾಯಚೂರು, ಗುಲಬರ್ಗಾ, ಬೀದರಗಳ ಯುವಕರ ಕೈಯಿಂದ ಮುಲ್ಕಿ ರಕ್ಷಣೆ ಸದ್ದಿಲ್ಲದೆ ಜಾರಿಹೋಯಿತು. ಅಲ್ಲಿ ವಿದ್ಯಾರ್ಥಿ ಚಳವಳಿ ಆ ಕಾವಿನಲ್ಲಿ ಏಳಲಿಲ್ಲ. ಏಕೀಕರಣದ ಸಂಭ್ರಮವೂ ಇದಕ್ಕೊಂದು ಕಾರಣ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವಾಗಿದ್ದವು. ಈ ಸೀಮೆಗೆ 371ಡಿಯಂಥದೇ ರಕ್ಷಣೆ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಒಂದೇ ಸಂಸ್ಥಾನದಿಂದ ಹೊರಬಂದ ಎರಡು ಭಾಗಗಳಲ್ಲಿ, ಬೀದಿಗಿಳಿದ ಭಾಗಕ್ಕೆ ಸಿಕ್ಕಿದ ಸಾಂವಿಧಾನಿಕ ರಕ್ಷಣೆ ಸುಮ್ಮನಿದ್ದ ಭಾಗಕ್ಕೆ ದಕ್ಕಲು 39 ವರ್ಷ ಹೆಚ್ಚು ಬೇಕಾಯಿತು.

ನೌಕರಿಯ ಜಗಳದ ಹಿಂದೆ ನೀರಿನ ಜಗಳವೂ ಇದೆ. ಎರಡು ದೊಡ್ಡ ನದಿಗಳ ಬದಿಯಲ್ಲಿದ್ದೂ ಒಣಗಿದ ಪಾಲಮೂರಿನ ಜನ ದೇಶದ ಎಲ್ಲೆಡೆ ಅಣೆಕಟ್ಟು ಕಟ್ಟುವ ಕೂಲಿಗಳಾಗಿ ಹೋದರು. ಪಾಲಮೂರು ಕೂಲಿ ಎಂಬ ಮಾತು ತೆಲುಗಿನಲ್ಲಿ ನುಡಿಗಟ್ಟೇ ಆಯಿತು. ಹಳೆಯ ಹೈದರಾಬಾದಿನ ಯೋಜನೆಗಳಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಗದ್ವಾಲ, ಆಲಂಪುರಗಳವರೆಗೆ ಬರಬೇಕಿತ್ತು. ರಾಜ್ಯ ಒಡೆದ ಮೇಲೆ ಕಾಲುವೆ ಅಲ್ಲಿಗೆ ತಲಪಲಿಲ್ಲ. ಉಳಿದದ್ದು ರಾಜೋಳಿಬಂಡಾ ತಿರುವು ಕಾಲುವೆ: ಅಣೆಕಟ್ಟೆ ರಾಯಚೂರು ಜಿಲ್ಲೆಯಲ್ಲಿ, 87,500 ಎಕರೆಯ ಅಚ್ಚುಕಟ್ಟು ಬಹುತೇಕ ಗದ್ವಾಲ, ಆಲಂಪುರಗಳಲ್ಲಿ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ಕಾಲುವೆಯ 17.1 ಟಿಎಂಸಿಯಲ್ಲಿ 15.9 ಟಿಎಂಸಿಯನ್ನು ಆಂಧ್ರದ ಪಾಲಿಗೆ ಬರೆದರೂ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದು ಅಪರೂಪವಾಗಿತ್ತು. ಅದೇ ನ್ಯಾಯಮಂಡಳಿ, ಹೈದರಾಬಾದ್ ರಾಜ್ಯ ವಿಭಜನೆಯಾಗದಿದ್ದರೆ ಮಹಬೂಬನಗರಕ್ಕೆ ನೀರಾವರಿ ಸಿಗುವ ಸಾಧ್ಯತೆ ಹೆಚ್ಚಿತ್ತೆಂದು ಗುರುತಿಸಿ, ಕೃಷ್ಣೆಯ ಮೇಲಿನ ಜುರಾಲಾ ಯೋಜನೆಗೆ 17.84 ಟಿಎಂಸಿ ಒದಗಿಸಿತು. ನ್ಯಾಯಾಲಯಕ್ಕೆ ಸಮಾನವಾದ ಸಂಸ್ಥೆಯೊಂದು ಪುನರ್ವಿಂಗಡಣೆಯ ನಷ್ಟವನ್ನು ಹೀಗೆ ಒಪ್ಪಿಕೊಂಡು ಬರೆದ ನಿದರ್ಶನಗಳು ಹೆಚ್ಚಿಲ್ಲ. ಪ್ರತ್ಯೇಕ ತೆಲಂಗಾಣ ಹೋರಾಟದ ಮುಂದಾಳು ಕೆ. ಚಂದ್ರಶೇಖರ ರಾವ್ 2009ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದು ಮಹಬೂಬನಗರದಿಂದಲೇ. ಆ ವರ್ಷದ ನವೆಂಬರಿನ ಅವರ ಉಪವಾಸದ ಬೆನ್ನಿಗೆ ಉಸ್ಮಾನಿಯಾದ ವಿದ್ಯಾರ್ಥಿಗಳು ಮತ್ತೆ ಮುಂಚೂಣಿಗೆ ಬಂದು, 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. ಒಮ್ಮೆ ಒಂದೇ ಜಿಲ್ಲೆಯಾಗಿದ್ದ ಗದ್ವಾಲ ಮತ್ತು ರಾಯಚೂರುಗಳ ನಡುವೆ ರೈಲು ಓಡತೊಡಗಿದ್ದು ಅದಕ್ಕೂ ಒಂದು ವರ್ಷ ಮುಂಚೆ, 2013ರಲ್ಲಿ.

ಈ ಎಲ್ಲ ಒಪ್ಪಂದಗಳಲ್ಲಿ, ಮಂಡಲ ಎಂದು ಕರೆಯುವ ಜಿಲ್ಲೆಯ ಕೆಳಗಿನ ಆಡಳಿತ ಘಟಕಗಳಾದ ಮಕ್ತಲ್, ಕೃಷ್ಣಾಗಳ ಕನ್ನಡ ಯುವಜನರ ಹೆಸರು ಎಲ್ಲಿಯೂ ಇಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ಮುಂದಿದ್ದದ್ದು ಮಹಾರಾಷ್ಟ್ರ ಮತ್ತು ಕೇರಳದೊಡನೆ ಮೈಸೂರಿನ ಗಡಿ. ಆಂಧ್ರದ ಗಡಿ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಗಡಿನಾಡು ಎಂದೊಡನೆ ಕನ್ನಡ ಓದುಗನಿಗೆ ಕಾಸರಗೋಡು, ಬೆಳಗಾವಿ, ಅಕ್ಕಲಕೋಟೆ ನೆನಪಾಗುವುದಕ್ಕೂ ಮಕ್ತಲ್ ನೆನಪಾಗದಿರುವುದಕ್ಕೂ ಇದು ಒಂದು ಕಾರಣ. ತೆಲಂಗಾಣದ ಹೋರಾಟದಲ್ಲಿ ಇಲ್ಲಿನ ಯುವಕರು ಪಾಲಮೂರಿಗರಾಗಿ, ಎಂದರೆ ತೆಲಂಗಾಣದವರಾಗಿಯೇ ಕಾಣಿಸಿಕೊಂಡರು. ಪುನರ್ವಿಂಗಡಣೆಯ ಜತೆಗೆ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ಹೇಳುತ್ತದೆ, ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಸರಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಉಳಿದುಬಂದಿವೆ. ಹತ್ತನೆಯ ತರಗತಿ ಮುಗಿದ ಮೇಲೆ ಕನ್ನಡದಲ್ಲಿ ಓದು ಮುಂದುವರಿಸಲು ನದಿ ದಾಟಿ ರಾಯಚೂರಿಗೆ ಹೋಗಬೇಕು. ಹೋದವರಿಗೆ 1974ರ ಪ್ರವೇಶಾತಿ ಆದೇಶದ ನಾಲ್ಕು ವರ್ಷದ ಅಳತೆ ಅಡ್ಡಬರುತ್ತಿತ್ತು. ರಾಯಚೂರಿನ ಕಡೆಗೆ 371ಜೆ ಬಂದ ಮೇಲೆ ಅಲ್ಲಿನ ಮೀಸಲು ಸ್ಥಾನಗಳೂ ಆ ಜಿಲ್ಲೆಗಳಲ್ಲಿ ಹುಟ್ಟಿದವರಿಗೆ ಅಥವಾ ನಿಗದಿತ ವರ್ಷ ನೆಲಸಿದವರಿಗೆ ಸೇರಿದವು.

2018ರಲ್ಲಿ ತೆಲಂಗಾಣಕ್ಕೆ ಬಂದ ಹೊಸ ರಾಷ್ಟ್ರಪತಿ ಆದೇಶ ನೇರ ನೇಮಕಾತಿಯ ನೂರಕ್ಕೆ 95ರಷ್ಟು ಹುದ್ದೆಗಳನ್ನು ಸ್ಥಳೀಯರಿಗೆ ಕಾದಿರಿಸಿ, ಸ್ಥಳೀಯತೆಯ ಅಳತೆಯನ್ನು ಇನ್ನೂ ಹಿಂದಕ್ಕೆ, ಒಂದರಿಂದ ಏಳನೆಯ ತರಗತಿಯೊಳಗಿನ ಕನಿಷ್ಠ ನಾಲ್ಕು ವರ್ಷದ ಓದಿಗೆ ಒಯ್ದಿದೆ. 2019ರ ಫೆಬ್ರವರಿಯಲ್ಲಿ ಜಿಲ್ಲೆಯಾದ ನಾರಾಯಣಪೇಟೆ ಈಗ ಗದ್ವಾಲದೊಡನೆ ಒಂದೇ ಜೋಗುಳಾಂಬ ವಲಯದಲ್ಲಿದೆ. ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದ ಕಾಯಿದೆಯೂ 2018ರದೇ. 2021ರಲ್ಲಿ ರಾಯಚೂರಿನ ಶಾಸಕರೊಬ್ಬರು, ಹೀಗೆಯೇ ಕಡೆಗಣಿಸುವುದಾದರೆ ತಮ್ಮ ಜಿಲ್ಲೆಯನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಎಂದದ್ದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಅದೇ ವರ್ಷಗಳಲ್ಲಿ ನದಿಯ ಉತ್ತರ ದಡದ ಕನ್ನಡ ಮನೆಗಳು, ಆರು ವರ್ಷದ ಮಗುವನ್ನು ಊರಿನ ಕನ್ನಡ ಶಾಲೆಗೆ ಹಾಕುವುದೋ, ಮಕ್ತಲ್‌ನ ಇಂಗ್ಲಿಷ್ ಮಾಧ್ಯಮಕ್ಕೋ, ರಾಯಚೂರಿನ ನೆಂಟರ ಮನೆಗೋ ಎಂದು ತೀರ್ಮಾನಿಸುವಾಗ, ಹದಿನೈದು ವರ್ಷ ಮುಂದಿನ ಅರ್ಜಿಯಲ್ಲಿ ತುಂಬಬೇಕಾದ ಸ್ಥಳೀಯ ಎಂಬ ಕಲಮನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.